ರೈಲು ಹತ್ತುವ ಮುನ್ನ ಕೆಳಗಿನ ಮನೆಗೆ ಹೇಳಿ ಹೋಗು

ಚಿ. ಮಂಜುನಾಥನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಮಹಾಲಕ್ಷ್ಮಿ ಲೇಔಟಿನಲ್ಲಿ ಮೊದಲನೇ ಮಹಡಿಯ ಮನೆ ಸಿಕ್ಕಿತು, ಕೆಲಸ ವೈಟ್‌ಫೀಲ್ಡಿನ ಐಟಿ ಪಾರ್ಕು ಐಟಿಪಿಎಲ್ ಕಡೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಊರಿನ ಈ ತುದಿಯಲ್ಲಿ ಮನೆ, ಆ ತುದಿಯಲ್ಲಿ ಕೆಲಸ. ಬೆಂಗಳೂರಿನಲ್ಲಿ ಬಹಳ ಜನರ ಪಾಡು ಇದೇ. ಬೆಳಿಗ್ಗೆ ಹೊರಟರೆ ಮತ್ತೆ ಬೀಗ ತೆಗೆಯುವುದು ಕತ್ತಲಾದ ಮೇಲೆ. ಕಸದ ಗಾಡಿ, ಕಾವೇರಿ ನೀರು, ಗ್ಯಾಸ್ ಸಿಲಿಂಡರ್ ಬರುವುದು ಮಾತ್ರ ನೀನು ಇಲ್ಲದ ಹೊತ್ತಿನಲ್ಲೇ. ಆದ್ದರಿಂದ ರೈಲಿನ ಜೊತೆಗೆ ನೆರೆಮನೆಯ ವಿಷಯವನ್ನೂ ಬರೆಯುತ್ತಿದ್ದೇನೆ.

ಮೊದಲು ಮೆಟ್ರೋ ಸ್ಮಾರ್ಟ್ ಕಾರ್ಡ್ ಮಾಡಿಸು. ಶೇ. 5 ರಿಯಾಯಿತಿ ಇದೆ, ಬೆಳಿಗ್ಗೆ 8ಕ್ಕೆ ಮುಂಚೆ ಗೇಟು ದಾಟಿದರೆ ಮತ್ತೂ ಶೇ. 5. ಆದರೆ 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೆ ಕಾರ್ಡಿನಲ್ಲಿ 90 ರೂಪಾಯಿ ಇಲ್ಲದಿದ್ದರೆ ಗೇಟು ತೆರೆಯುವುದಿಲ್ಲ, ಒಂದೇ ಸ್ಟೇಷನ್ ದೂರ ಹೋಗುವುದಿದ್ದರೂ. ರೀಚಾರ್ಜನ್ನು ಹಿಂದಿನ ರಾತ್ರಿಯೇ ಮುಗಿಸಿಕೋ.

ಹಸಿರು ಲೈನಿನಲ್ಲಿ ಮೆಜೆಸ್ಟಿಕ್ಕಿಗೆ ಬಂದು ನೇರಳೆಗೆ ಬದಲಾಯಿಸಬೇಕು. ಜನ ಎಸ್ಕಲೇಟರ್ ಇಳಿದಲ್ಲೇ ಗುಂಪುಗೂಡುತ್ತಾರೆ. ನೀನು ಪ್ಲಾಟ್‌ಫಾರ್ಮಿನ ಕೊನೆಯವರೆಗೂ ನಡೆ. ರೈಲಿನ ಮುಂದಿನ ಬೋಗಿ ಹೆಂಗಸರದು, ಆದ್ದರಿಂದ ಹಿಂದಿನ ಕೊನೆಯೇ ನಿನಗೆ ಸರಿ. ಹತ್ತುವ ಮೊದಲು ರೈಲಿನ ಹಣೆಯ ಮೇಲಿನ ಬೋರ್ಡು ಓದು. ಬೆಳಗಿನ ದಟ್ಟಣೆಯಲ್ಲಿ ಕೆಲವು ರೈಲು ವೈಟ್‌ಫೀಲ್ಡ್ ತನಕ ಹೋಗದೆ ನಡುವೆಯೇ ನಿಂತುಬಿಡುತ್ತವೆ. ನೀನು ಇಳಿಯುವುದು ಪಟ್ಟಂದೂರು ಅಗ್ರಹಾರದಲ್ಲಿ, ಅಲ್ಲಿಯವರೆಗೆ ಹೋಗುತ್ತದೆಯೋ ನೋಡಿಕೋ. ಮೆಜೆಸ್ಟಿಕ್ಕಿನಿಂದಲೇ ಹೊರಡುವ ಖಾಲಿ ರೈಲುಗಳೂ ಇವೆ. ವೈಟ್‌ಫೀಲ್ಡ್ ಬೋರ್ಡಿನ ಅಂಥದೊಂದು ಸಿಕ್ಕಿದರೆ ಕೂತು ಹೋಗಬಹುದು. ಬೆನ್ನಿನ ಬ್ಯಾಗನ್ನು ಎದೆಗೆ ಹಾಕಿಕೋ. ಬೆನ್ನ ಮೇಲಿದ್ದರೆ ನೀನು ತಿರುಗಿದಾಗಲೆಲ್ಲ ಹಿಂದಿನವರ ಮುಖಕ್ಕೆ ಬಡಿಯುತ್ತದೆ, ನಿನಗೆ ಗೊತ್ತೇ ಆಗುವುದಿಲ್ಲ.

ಫೋನು ಹಳಿಗೆ ಬಿದ್ದರೆ ಇಳಿಯಬೇಡ. ನಮ್ಮ ಮೆಟ್ರೋಗೆ ಕರೆಂಟು ಬರುವುದು ತಲೆಯ ಮೇಲಿನ ತಂತಿಯಿಂದಲ್ಲ, ಹಳಿಯ ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್. ಅಲ್ಲಿನ ಸಿಬ್ಬಂದಿಗೆ ಹೇಳು, ಅವರೇ ತೆಗೆದುಕೊಡುತ್ತಾರೆ.

ಊರಿಗೆ ಬರುವಾಗ ಹೆಸರು ನೋಡಿ ಮೋಸ ಹೋಗಬೇಡ. ವಿಶ್ವೇಶ್ವರಯ್ಯನವರ ಹೆಸರಿನ ಮೆಟ್ರೋ ಸ್ಟೇಷನ್ ಇರುವುದು ಸೆಂಟ್ರಲ್ ಕಾಲೇಜಿನ ಹತ್ತಿರ. ಅವರದೇ ಹೆಸರಿನ ರೈಲ್ವೆ ಟರ್ಮಿನಲ್ ಬೈಯಪ್ಪನಹಳ್ಳಿಯಲ್ಲಿ. ಬೈಯಪ್ಪನಹಳ್ಳಿ ಮೆಟ್ರೋದಲ್ಲಿ ಇಳಿದರೂ ಟರ್ಮಿನಲ್ಲಿಗೆ ಆಟೋ ಬೇಕು. ಭಾನುವಾರ ಮೆಟ್ರೋ ಶುರುವಾಗುವುದೇ 7ಕ್ಕೆ, ಅದನ್ನು ನಂಬಿಕೊಂಡು ಬೆಳಗಿನ ರೈಲಿಗೆ ಟಿಕೆಟ್ ಮಾಡಿಸಬೇಡ.

ಇನ್ನು ಮನೆ. ಹೋದ ಮೊದಲ ವಾರವೇ ಕೆಳಗಿನ ಮನೆಯವರನ್ನೂ ಎದುರು ಮನೆಯವರನ್ನೂ ಮಾತಾಡಿಸು. ಕಷ್ಟ ಬಂದ ದಿನ ಬಾಗಿಲು ತಟ್ಟಿ ಹೆಸರು ಹೇಳಿಕೊಳ್ಳುವುದು ಇಬ್ಬರಿಗೂ ಮುಜುಗರ. ಕೇಳುವುದಕ್ಕೆ ನೆಪಗಳು ಬೇಕಾದಷ್ಟಿವೆ: ನೀರು ಯಾವ ದಿನ, ಎಷ್ಟು ಹೊತ್ತಿಗೆ ಬಿಡುತ್ತಾರೆ? ಮೋಟಾರ್ ಯಾರು ಹಾಕುತ್ತಾರೆ? ಮೋಟಾರಿನ ಕರೆಂಟ್ ಬಿಲ್ಲು ಹೇಗೆ ಹಂಚುತ್ತೀರಿ? ಈ ಕೊನೆಯದನ್ನು ಮೊದಲ ತಿಂಗಳೇ ಕೇಳದಿದ್ದರೆ ಮನಸ್ತಾಪ ಖಂಡಿತ.

ಒಂದೇ ಸಂಪಿನಿಂದ ಮೂರು ಮನೆಗೆ ನೀರೆತ್ತುವ ಕಡೆ ಮೋಟಾರಿನ ವಿದ್ಯೆ ಕಲಿತಿರು. ಸದ್ದು ಮಾಡುತ್ತಿದೆ, ಟ್ಯಾಂಕಿಗೆ ನೀರು ಬೀಳುತ್ತಿಲ್ಲ ಅಂದರೆ ತಕ್ಷಣ ಆಫ್ ಮಾಡು. ಒಣಗಿ ಓಡಿದರೆ ಸೀಲ್ ಹೋಗುತ್ತದೆ, ಕಾಯಿಲ್ಲೂ ಸುಡಬಹುದು. ಸಂಪಿನಲ್ಲಿ ನೀರಿದ್ದೂ ಹೀಗಾದರೆ ಗಾಳಿ ಹಿಡಿದಿದೆ ಅಂತ ಅರ್ಥ. ಮೆಯಿನ್ ಸ್ವಿಚ್ ಆಫ್ ಮಾಡಿ, ಪಂಪಿನ ಮೇಲಿನ ಬಿರಡೆ ಬಿಚ್ಚಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಚೊಂಬಿನಿಂದ ನೀರು ಹುಯ್ಯಿ. ಬಿರಡೆ ಬಿಗಿದು ಮತ್ತೆ ಹಾಕು. ಎಷ್ಟು ಹುಯ್ದರೂ ತುಂಬದೆ ಇಳಿಯುತ್ತಲೇ ಇದ್ದರೆ ಪೈಪಿನ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ, ಸಂಪಿನೊಳಗಿನ ಫುಟ್‌ವಾಲ್ವ್ ಸೋರುತ್ತಿದೆ. ಅದಕ್ಕೆ ಪ್ಲಂಬರೇ ಬೇಕು. ಇಷ್ಟು ಕಲಿತವನಿಗೆ ಆ ಕಟ್ಟಡದಲ್ಲಿ ಬೇರೆ ಪರಿಚಯವೇ ಬೇಡ.

ಕಸವನ್ನು ಹಸಿ, ಒಣ, ಸ್ಯಾನಿಟರಿ ಅಂತ ಬೇರೆ ಮಾಡಿಡು. ಹಸಿ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಗಾಡಿಯವರು ತೆಗೆದುಕೊಳ್ಳುವುದಿಲ್ಲ, ಬರೀ ಬಕೆಟ್ಟಿನಲ್ಲಿಡು. ಗಾಡಿ ತಪ್ಪಿತೆಂದು ಮೂಲೆಯಲ್ಲಿ ಎಸೆದು ಹೋಗುವ ಬುದ್ಧಿ ಮಾತ್ರ ಬೇಡ. ಬಕೆಟ್ಟನ್ನು ಮೆಟ್ಟಿಲ ಕೆಳಗಿಟ್ಟು ಕೆಳಗಿನವರಿಗೆ ಒಂದು ಮಾತು ಹೇಳು.

ಸಿಲಿಂಡರ್ ಬುಕ್ ಮಾಡಿದಾಗ ಖಾಲಿಯದನ್ನು ಅವರ ಮನೆಯಲ್ಲಿಟ್ಟು, ದುಡ್ಡು ಕೊಟ್ಟು, ಫೋನಿಗೆ ಬರುವ ಡೆಲಿವರಿ ಕೋಡನ್ನು ಕೂಡಲೇ ಅವರಿಗೆ ಕಳಿಸು. ಡೆಲಿವರಿಯವನು ಫೋನ್ ಮಾಡುವಾಗ ನೀನು ಮೆಜೆಸ್ಟಿಕ್ಕಿನ ನೆಲದಡಿ ಇದ್ದರೆ ಸಿಗ್ನಲ್ ಸಿಗದೆ ಹೋದೀತು. ಬೇರೆ ಯಾರು ಕೋಡ್ ಕೇಳಿದರೂ ಕೊಡಬೇಡ ಅಂತ ಬೇರೆ ಹೇಳಬೇಕೇ?

ಅವರು ಡಬ್ಬಿಯಲ್ಲಿ ಏನಾದರೂ ಕೊಟ್ಟರೆ ಖಾಲಿ ಡಬ್ಬಿ ಹಿಂತಿರುಗಿಸಬೇಡ. ನಾಲ್ಕು ಬಾಳೆಹಣ್ಣಾದರೂ ಸಾಕು. ತಮಿಳರೋ ತೆಲುಗರೋ ಆಗಿದ್ದರೆ ಕನ್ನಡದಲ್ಲೇ ನಿಧಾನವಾಗಿ ಮಾತಾಡು, ಬಹಳ ಮಂದಿಗೆ ಬರುತ್ತದೆ. ಬೀದಿಯ ವಾಟ್ಸಾಪ್ ಗುಂಪಿಗೆ ಸೇರಿಕೋ. ನೀರು, ಕರೆಂಟಿನ ಸುದ್ದಿ ಓದು, ರಾಜಕೀಯದ ಜಗಳ ಬಂದಾಗ ಸುಮ್ಮನಿರು. ಕರೆಂಟ್ ಹೋದರೆ ಬೆಸ್ಕಾಂ 1912, ನೀರಿನ ದೂರಿಗೆ ಜಲಮಂಡಳಿ 1916. ಎರಡನ್ನೂ ಬಾಗಿಲ ಹಿಂದೆ ಬರೆದಿಡು.

ಮುಂದಿನ ವಾರ ನಿಮ್ಮತ್ತೆ ಹಲಸಿನ ಹಪ್ಪಳ ಕಳಿಸುತ್ತಾಳೆ. ಕೊರಿಯರ್‌ಗೆ ಕೆಳಗಿನ ಮನೆಯವರ ಹೆಸರನ್ನೂ ನಂಬರನ್ನೂ ಹಾಕಬೇಕು, ಅವರನ್ನು ಕೇಳಿಕೊಂಡು ತಿಳಿಸು.

ಇತಿ,
ನಿನ್ನ ಸೋದರಮಾವ