ನೀರಿನ ಸಾಲದ ವಿಷಯ: ಭಾನುವಾರದ ಮೀಟಿಂಗ್‌ಗೆ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಮಳೆನೀರು ಕೊಯ್ಲಿಗೆ ಸರ್ಕಾರದ ಸಾಲ ಸಿಗುತ್ತಾ ಅಂತ ತುಂಬಾ ಜನ ಕೇಳಿದ್ದೀರಿ.

ನೀರಿನ ದೊಡ್ಡ ಸಾಲಗಳು ನಮ್ಮಂಥ ಅಪಾರ್ಟ್‌ಮೆಂಟ್ ಸಂಘಗಳ ಕೈಗೆ ಬರುವಂಥವಲ್ಲ. ಬೆಂಗಳೂರಿಗೆ ಕುಡಿಯುವ ನೀರು ತರುವ ಕಾವೇರಿ 5ನೇ ಹಂತದ ಯೋಜನೆಯನ್ನೇ ನೋಡಿ. ಸಾಲ ಕೊಟ್ಟಿದ್ದು ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ, ಕೆಲಸ ಮಾಡಿಸಿದ್ದು ಜಲಮಂಡಳಿ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್, ಹೊರವಲಯದ 110 ಹಳ್ಳಿಗಳಿಗೆ ಅಂತ. ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿಯ ಸಾಲವೂ ರಾಜ್ಯ ಸರ್ಕಾರಕ್ಕೇ ಹೋಗುತ್ತದೆ. ಸಾಲ ಅವರ ಹೆಸರಲ್ಲಿ, ತೀರಿಸೋದು ನಮ್ಮ ತೆರಿಗೆ, ನೀರಿನ ಬಿಲ್ಲಿನಿಂದ!

ಹಾಗಾಗಿ ‘ಸಬ್ಸಿಡಿ ಸಾಲ ಮಾಡಿಸಿಕೊಡ್ತೀನಿ’ ಅಂತ ಬಂದವರಿಗೆ ಮುಂಗಡ ಕೊಡಬೇಡಿ. ಹೋದ ವಾರ ಒಬ್ಬರು ಗೇಟಿನ ಹತ್ತಿರ ಫೈಲ್ ಹಿಡಿದು ನಿಂತಿದ್ದರು. ಒಳಗೆ ಇದ್ದದ್ದು ಎರಡು ಜೆರಾಕ್ಸ್ ಹಾಳೆ, ಅಷ್ಟೇ.

ನಮ್ಮ ಕೆಲಸ ಚಿಕ್ಕದು. ಟೆರೇಸಿನ ಪೈಪುಗಳನ್ನು ಸಂಪ್‌ಗೆ (ನೆಲದಡಿಯ ನೀರಿನ ತೊಟ್ಟಿಗೆ) ತಿರುಗಿಸಿ, ಮಧ್ಯೆ ಒಂದು ಫಿಲ್ಟರ್ ಹಾಕಬೇಕು. ನನಗನ್ನಿಸೋದು, ಸಾಲವೇ ಬೇಡ. ಟ್ಯಾಂಕರ್‌ಗೆ ಸುರಿಯುವ ದುಡ್ಡಲ್ಲೇ ಆಗಿಹೋಗುತ್ತದೆ. ಬಿ ಬ್ಲಾಕ್‌ನ ಎರಡು ಪೈಪು ಈಗಲೂ ಮಳೆನೀರನ್ನು ಸುಮ್ನೆ ಚರಂಡಿಗೆ ಬಿಡುತ್ತಿವೆ, ನೋಡಿದ್ದೀರಲ್ವಾ?

ಭಾನುವಾರ ಬೆಳಿಗ್ಗೆ 10ಕ್ಕೆ, ಪಾರ್ಕಿಂಗ್‌ನಲ್ಲಿ. ಟ್ಯಾಂಕರ್ ರಸೀದಿ ಇಟ್ಟುಕೊಂಡವರು ದಯವಿಟ್ಟು ತನ್ನಿ.