ಸಿದ್ದಿಗಳ ಕುರಿತ ವರದಿ ಗುಂಗುರು ಕೂದಲಿನಿಂದಲೇ ಆರಂಭವಾಗಬೇಕೇ?

ಮಾನ್ಯ ಸಂಪಾದಕರೇ,

ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಪಾಲು ಗುಂಗುರು ಕೂದಲು, ಕಪ್ಪು ಮೈಬಣ್ಣ, ದಪ್ಪ ತುಟಿಗಳ ವರ್ಣನೆಯಿಂದಲೇ ತೊಡಗುತ್ತವೆ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿ ಶತಮಾನಗಳೇ ಕಳೆದಿವೆ. ಅವರ ವಂಶಸ್ಥರು ಕೊಂಕಣಿ, ಮರಾಠಿ, ಉರ್ದು, ಕನ್ನಡಗಳನ್ನಾಡುತ್ತ ಇಲ್ಲಿಯವರೇ ಆಗಿದ್ದಾರೆ. ಅಡಿಕೆ ತೋಟಿಗರ ಬಗ್ಗೆ ಬರೆಯುವಾಗ ಅವರ ಮೂಗು, ತುಟಿಗಳ ಆಕಾರವನ್ನು ಯಾರೂ ವರ್ಣಿಸುವುದಿಲ್ಲವಲ್ಲ!

ಈ ದೃಷ್ಟಿ ಸರ್ಕಾರದ ಯೋಜನೆಯನ್ನೇ ರೂಪಿಸಿದ್ದೂ ಉಂಟು. ಆಫ್ರಿಕಾ ಮೂಲದವರಾದ್ದರಿಂದ ಓಟ ಇವರ ರಕ್ತದಲ್ಲೇ ಇದೆ, ಒಲಿಂಪಿಕ್ ಪದಕ ತರಬಲ್ಲರು ಎಂಬ ನಂಬಿಕೆಯಿಂದ ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. 1990ರ ದಶಕದ ಮೊದಲ ವರ್ಷಗಳಲ್ಲಿ ಯೋಜನೆ ನಿಂತುಹೋಗಿ ಎಷ್ಟೋ ಮಂದಿ ಊರಿಗೆ ಮರಳಬೇಕಾಯಿತು. ಗೆದ್ದಾಗ ಕೀರ್ತಿಯೆಲ್ಲ ರಕ್ತಕ್ಕೇ ಸಲ್ಲುವುದಾದರೆ, ನಸುಕಿನಲ್ಲೆದ್ದು ಬೆವರು ಸುರಿಸಿದ ಮಗುವಿಗೆ ದಕ್ಕುವುದೇನು?

ಬಣ್ಣವೊಂದನ್ನೇ ಗುರುತಾಗಿ ಹಿಡಿಯುವ ಇದೇ ರೂಢಿ ಎಂತಹ ಕ್ರೌರ್ಯಕ್ಕೆ ದಾರಿಯಾಗಬಲ್ಲದು ಎಂಬುದನ್ನು ಬೆಂಗಳೂರು 2016ರ ಜನವರಿ 31ರ ರಾತ್ರಿ ಕಂಡಿದೆ. ಹೆಸರಘಟ್ಟದ ಬಳಿ ಸುಡಾನ್‌ನ ವ್ಯಕ್ತಿಯೊಬ್ಬ ಚಲಾಯಿಸುತ್ತಿದ್ದ ಕಾರು ಹಾಯ್ದು ಮಹಿಳೆಯೊಬ್ಬರು ಮೃತಪಟ್ಟರು. ಆ ಬಳಿಕ ಅದೇ ದಾರಿಯಲ್ಲಿ ಬಂದ, ಅಪಘಾತಕ್ಕೆ ಯಾವ ರೀತಿಯಲ್ಲೂ ಸಂಬಂಧವಿರದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿ ಕಾರಿಗೆ ಬೆಂಕಿ ಹಚ್ಚಿತು. ಆ ಗುಂಪಿನ ಕಣ್ಣಿಗೆ ಇಬ್ಬರೂ ಒಂದೇ ಆಗಿದ್ದರು.

ತಮ್ಮ ವರದಿಗಾರರಲ್ಲಿ ನನ್ನ ವಿನಂತಿ ಇಷ್ಟೇ. ಸಿದ್ದಿ ಮಹಿಳೆಯರ ಕೌದಿಯ ಬಗ್ಗೆ ಬರೆಯುವಾಗ ಹಳೆಯ ಸೀರೆಯ ತುಂಡುಗಳನ್ನು ಅವರು ಹೊಂದಿಸುವ ಬಗೆ, ಅಂಚಿನಿಂದ ಒಳಮುಖವಾಗಿ ಸಾಗುವ ಹೊಲಿಗೆ, ನಾಲ್ಕೂ ಮೂಲೆಗಳಲ್ಲಿ ತಪ್ಪದೆ ಇಡುವ ‘ಫೂಲ’ ಎಂಬ ಮುಕ್ಕೋನದ ತುಂಡುಗಳನ್ನು ಕುರಿತು ಬರೆಯಲಿ. ಹೊಲಿದವರ ಹೆಸರು, ಊರುಗಳನ್ನು ಮೊದಲ ಸಾಲಿನಲ್ಲೇ ಕೊಡಲಿ. ಅಪರಾಧದ ಸುದ್ದಿಗಳಲ್ಲಿ ಆರೋಪಿಯ ದೇಶವನ್ನು ಪ್ರಕರಣಕ್ಕೆ ಅಗತ್ಯವಿದ್ದಾಗ ಮಾತ್ರ ಹೆಸರಿಸಿ, ಶೀರ್ಷಿಕೆಯಿಂದ ಅದನ್ನು ಕೈಬಿಡುವಂತೆ ಸುದ್ದಿಮನೆಗೆ ತಾವು ಸೂಚಿಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಶಿರಸಿ