ಒಂಬತ್ತನೆಯ ಉಕುಲೇಲೆ ಮುಗಿಯಿತು, ಉಳಿದ ಮೂರು ಎಲ್ಲಿವೆ?

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾಗುವ ಮೊದಲು ನಿಮ್ಮ ಪತ್ರಿಕೆಯ ನಿಧನ ಕಾಲಂನಲ್ಲಿ ನಮ್ಮೂರಿನ ಹಿರಿಯರೊಬ್ಬರ ಸುದ್ದಿ ಬಂದಿತ್ತು. ಮೂರು ಸಾಲು. 'ಬಡಗಿಯಾಗಿದ್ದರು' ಅಂತ ಇತ್ತು. ತಪ್ಪು ನಿಮ್ಮದಲ್ಲ, ಮಾಹಿತಿ ಕೊಟ್ಟವರು ನಮ್ಮ ಕಡೆಯವರೇ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಎಷ್ಟೋ ಮನೆಗಳ ಬಾಗಿಲು, ದಾರಂದ ಅವರ ಕೈಯದ್ದು ಅನ್ನುವುದೂ ನಿಜ. ಆದರೆ ಚೆಂಡೆ, ಮದ್ದಳೆಗೆ ಹಲಸಿನ ಮರ ಕೊರೆಸಲು ಯಕ್ಷಗಾನ ಮೇಳದವರು ಬರುತ್ತಿದ್ದದ್ದು ಅವರ ಕೊಟ್ಟಿಗೆಗೇ. ಕೊನೆಯ ಕೆಲವು ವರ್ಷ ಅವರು ಉಕುಲೇಲೆಯನ್ನೂ ಮಾಡುತ್ತಿದ್ದರು. ಪಿಂಚಣಿಗೆ ಅರ್ಜಿ ಹಾಕಲು ಹೋದಾಗ ಒಂದು ಕಚೇರಿಯಲ್ಲಿ ಮಲಯಾಳಂ ಫಾರಂ ಕೊಟ್ಟರು. ಅವರಿಗೆ ಓದಲು ಬಾರದು, ನಾನೇ ಓದಿ ಹೇಳಿದೆ. ಅದರಲ್ಲೂ ಬಡಗಿ ಅಂತ ಇತ್ತು, ವಾದ್ಯ ಮಾಡುವವರು ಅಂತ ಇರಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಉಕುಲೇಲೆ ಅಂದರೆ ನಾಲ್ಕು ತಂತಿಯ ಪುಟ್ಟ ಗಿಟಾರ್. ಗಲ್ಫಿನಿಂದ ರಜೆಗೆ ಬಂದ ಹುಡುಗನೊಬ್ಬ ಬಿರುಕು ಬಿಟ್ಟ ಒಂದನ್ನು ರಿಪೇರಿಗೆ ತಂದಿದ್ದ. ಆಚಾರ್ರು (ನಾವೆಲ್ಲ ಕರೆಯುತ್ತಿದ್ದದ್ದು ಹಾಗೆ) ಬೆರಳಿನಿಂದ ತಟ್ಟಿ ನೋಡಿ, 'ಇದು ಪ್ಲೈವುಡ್ ಮಾರಾಯ, ಚಾಪುಡಿ ಪೆಟ್ಟಿಗೆ' ಅಂದರು. ರಿಪೇರಿ ಮಾಡಿಕೊಟ್ಟರು, ಸುಮ್ನೆ ಇರಲಿ ಅಂತ ಅಳತೆಯನ್ನೂ ತೆಗೆದಿಟ್ಟುಕೊಂಡರು. 'ಹೆಸರಲ್ಲಿ ಉಕ್ಕು, ತಂತಿ ನೋಡಿದ್ರೆ ನೈಲಾನು' ಅಂತ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ತಂತಿಗಳ ಶ್ರುತಿಯನ್ನು ಹಾರ್ಮೋನಿಯಂನ ಬಿಳಿ ಮನೆಗಳ ಲೆಕ್ಕದಲ್ಲೇ ನೆನಪಿಟ್ಟುಕೊಂಡಿದ್ದರು: ಬಿಳಿ ಐದು, ಬಿಳಿ ಒಂದು, ಬಿಳಿ ಮೂರು, ಬಿಳಿ ಆರು. ಎಲ್ಲಕ್ಕಿಂತ ಮೇಲಿನ ತಂತಿ ಅದರ ಕೆಳಗಿನದಕ್ಕಿಂತ ಏರು ಶ್ರುತಿಯಲ್ಲಿ ಇರುವುದು ಮಾತ್ರ ಅವರಿಗೆ ಮೊದಲು ಸರಿ ಬರಲಿಲ್ಲ, ಅಂಗಡಿಯವನು ತಂತಿ ಅದಲು ಬದಲು ಹಾಕಿದ್ದಾನೆ ಅಂತಲೇ ತುಂಬಾ ದಿನ ನಂಬಿದ್ದರು.

ಈ ವಾದ್ಯದ ಕಥೆಯನ್ನು ನಾನೊಮ್ಮೆ ಮೊಬೈಲಲ್ಲಿ ಓದಿ ಹೇಳಿದ್ದೆ. 1879ರ ಆಗಸ್ಟಿನಲ್ಲಿ ರೇವನ್ಸ್‌ಕ್ರ್ಯಾಗ್ ಅನ್ನುವ ಹಡಗು ಪೋರ್ಚುಗಲ್ಲಿನ ಮಡೈರಾ ದ್ವೀಪದ ಜನರನ್ನು ಕಬ್ಬಿನ ತೋಟದ ಕೆಲಸಕ್ಕೆ ಅಂತ ಹವಾಯಿಗೆ ತಂದು ಇಳಿಸಿತು. ಅವರಲ್ಲಿ ಮೂವರು ಮರಗೆಲಸದವರು, ಮ್ಯಾನುಯೆಲ್ ನೂನೆಸ್, ಆಗಸ್ಟೊ ಡಿಯಾಸ್, ಜೋಸೆ ಡೊ ಎಸ್ಪಿರಿಟೊ ಸಾಂಟೊ. ತಮ್ಮೂರಿನ ಪುಟ್ಟ ತಂತಿ ವಾದ್ಯವನ್ನು ಅಲ್ಲಿನ ಕೋವಾ ಮರದಲ್ಲಿ ಮಾಡತೊಡಗಿದರು, ಉಕುಲೇಲೆ ಹುಟ್ಟಿದ್ದು ಹಾಗೆ. ಆಚಾರ್ರಿಗೆ ಬಹಳ ಖುಷಿಯಾಯಿತು. 'ಅವ್ರೂ ಬಡಗಿಗಳೇ ಅಲ್ವಾ? ಅವ್ರಿಗೆ ಕೋವಾ ಸಿಕ್ಕಿತು, ನಮ್ಗೆ ಹಲಸು' ಅಂದರು. ತಂಜಾವೂರಿನ ವೀಣೆಗೂ ಹಲಸೇ ತಾನೇ.

ಅವರು ಹೋದಾಗ ಬೆಂಚಿನ ಮೇಲೆ ಒಂದು ಅರ್ಧ ಆಗಿತ್ತು. ಹಲಸಿನ ಗೂಡು ಮುಚ್ಚಿತ್ತು, ಕುತ್ತಿಗೆ ಕೂತಿತ್ತು. ಬೀಟೆ ಪಟ್ಟಿಯಲ್ಲಿ ಫ್ರೆಟ್, ಅಂದರೆ ಸ್ವರಕ್ಕೊಂದರಂತೆ ಲೋಹದ ಅಡ್ಡಪಟ್ಟಿ, ಕೂರಿಸಲು ಹನ್ನೆರಡು ಗೀರು ಬೇಕು, ಏಳು ಕೊರೆದಿದ್ದರು. ಕುದುರೆ (ಗೂಡಿನ ಮೇಲೆ ತಂತಿಯನ್ನು ಎತ್ತಿ ಹಿಡಿಯುವ ಮರದ ತುಂಡು) ಅಂಟಿಸಿರಲಿಲ್ಲ. ಗುಜರಿಯವನು ಉಳಿ, ಕೀಸುಳಿ, ಮರದ ಚೂರುಗಳಿಗೆಲ್ಲ ಒಟ್ಟಿಗೇ ರೇಟು ಹೇಳಿ ಹೋಗಿದ್ದ. ಮಗನ ಹತ್ತಿರ ಕೇಳಿ ಇದೊಂದನ್ನು ನಾನು ಮನೆಗೆ ತಂದೆ. ನಾನು ವೈರಿಂಗ್ ಕೆಲಸದವನು, ಸಂಜೆ ಹೊತ್ತು ಅವರ ಜೊತೆ ಕೂತು ಉಪ್ಪುಕಾಗದ ಉಜ್ಜಿದ್ದು ಬಿಟ್ಟರೆ ನನಗೆ ಈ ವಿದ್ಯೆ ಗೊತ್ತಿಲ್ಲ.

ಅಳತೆ ಎಲ್ಲೂ ಬರೆದಿಟ್ಟಿರಲಿಲ್ಲ. ಅಡಿಕೆ ಮರದ ಒಂದು ಸಲಾಕೆ ಸಿಕ್ಕಿತು, ಅದರ ಮೇಲೆ ಚೂರಿಯ ಗೀರುಗಳು. ಕೊನೆಯ ಗೀರು 343 ಮಿ.ಮೀ.ಗೆ, ಅಂದರೆ ತಂತಿಯ ಉದ್ದ ಅಷ್ಟು. ಹನ್ನೆರಡನೆಯ ಫ್ರೆಟ್ ಅದರ ಸರಿ ಅರ್ಧಕ್ಕೆ, 171.5ಕ್ಕೆ ಬರಬೇಕು. ಸಲಾಕೆಯಲ್ಲಿ 170ರ ಚೂರು ಆಚೆಗಿತ್ತು. ಒಂದು ಮಿ.ಮೀ. ಅಂದರೆ ಬಾಗಿಲಿಗೆ ಏನೂ ಅಲ್ಲ, ತಂತಿಗೆ ತುಂಬಾ ಜಾಸ್ತಿ. ಪಾಪ, ಕಣ್ಣು ಮಂಜಾಗಿತ್ತಲ್ಲ, ತಪ್ಪಿರಬೇಕು ಅಂದುಕೊಂಡೆ. ಉಳಿದ ಐದನ್ನು ಮೊಬೈಲ್ ಲೆಕ್ಕದಲ್ಲೇ ಕೊರೆಯಲು ಗರಗಸ ಕೈಗೆತ್ತಿಕೊಂಡಿದ್ದೆ ಕೂಡ.

ರಾತ್ರಿ ಮಲಗಿದಾಗ ಹೊಳೆಯಿತು. ಈಗಿನವರು ಪ್ರತಿ ಫ್ರೆಟ್‌ಗೂ ಉಳಿದ ಉದ್ದವನ್ನು 17.817ರಿಂದ ಭಾಗಿಸುತ್ತಾರೆ. ಹಳೆಯ ಗಿಟಾರ್ ಕೆಲಸದವರು 18ರಿಂದ ಭಾಗಿಸುತ್ತಿದ್ದರು. ಎದ್ದು ಲೆಕ್ಕ ಹಾಕಿದೆ. ಹನ್ನೆರಡೂ ಗೀರು ಕೂದಲೆಳೆಯಷ್ಟೂ ಆಚೀಚೆ ಇಲ್ಲ! 18ರ ಲೆಕ್ಕದಲ್ಲಿ ಹನ್ನೆರಡನೆಯ ಫ್ರೆಟ್ ಅರ್ಧಕ್ಕಿಂತ ಚೂರು ಮೊದಲೇ ಬರುತ್ತದೆ, ಕುದುರೆಯನ್ನು ಸರಿಸಿ ಅದನ್ನು ಸರಿಮಾಡಬೇಕು. ಕುದುರೆಯನ್ನು ಕೊನೆಗೆ ಇಟ್ಟುಕೊಂಡದ್ದೂ ಅದಕ್ಕೇ. ಗೀರುಗಳನ್ನು ಅವರ ಸಲಾಕೆಯಂತೆಯೇ ಕೊರೆದು, ಫ್ರೆಟ್ ಕೂರಿಸಿ, ತಂತಿಯನ್ನು ಹಿಂದಿನ ತುದಿಗೆ ಕಟ್ಟಿ, ಕುದುರೆಯನ್ನು ಸುಮ್ನೆ ಕೆಳಗಿಟ್ಟು ಸರಿಸುತ್ತಾ ಹೋದೆ. 342ರ ಹತ್ತಿರ ಬಂದಾಗ ಬೆರಳಿಡದ ತಂತಿಯ ಸ್ವರವೇ, ಹನ್ನೆರಡನೆಯದನ್ನು ಒತ್ತಿದರೆ, ಸರಿಯಾಗಿ ಒಂದು ಸ್ಥಾಯಿ ಮೇಲೆ ಬಂತು.

ಅಂಟಿಸಿದ್ದು ಆಟಿ ತಿಂಗಳ ಮಳೆಯಲ್ಲಿ, ಬುದ್ಧಿ ಬೇಡವಾ ನನಗೆ. ಮೂರನೇ ದಿನಕ್ಕೆ ಕುದುರೆ ಕಿತ್ತು ಬಂತು. ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆಯ ಪಕ್ಕ ಇಟ್ಟು, ಮುಂದಿನ ಸೋಣ ತಿಂಗಳ ಬಿಸಿಲು ಬಂದ ಮೇಲೆ ಮತ್ತೆ ಅಂಟಿಸಿದೆ. ಈಗ ಗಟ್ಟಿಯಾಗಿದೆ. ಸ್ವರ ದೊಡ್ಡದೇನಲ್ಲ, ಹಲಸು ಸ್ವಲ್ಪ ಭಾರವಾಯಿತು ಅಂತ ನನಗೆ ಅನಿಸುತ್ತದೆ, ಆದರೆ ಬಿಳಿ ಒಂದರ ತಂತಿ ಮೀಟಿದರೆ ಗೂಡು ಎದೆಗೆ ತಾಗಿ ನಡುಗುವುದು ಗೊತ್ತಾಗುತ್ತದೆ. ಅವರ ಮೊಮ್ಮಗಳು ಈಗ ಅದರಲ್ಲೇ ಕಲಿಯುತ್ತಿದ್ದಾಳೆ.

ಇನ್ನೊಂದು ವಿಷಯ. ಇದರ ತೂತಿನೊಳಗೆ ಟಾರ್ಚ್ ಹಾಕಿ ನೋಡಿದರೆ ಹಿಂಬದಿಯ ಹಲಗೆಯಲ್ಲಿ ಪೆನ್ಸಿಲಿನಿಂದ '೯' ಅಂತ ಕನ್ನಡ ಅಂಕಿ ಬರೆದಿದ್ದಾರೆ. ವಿಚಾರಿಸುತ್ತಾ ಹೋಗಿ ಇದರ ಮೊದಲಿನ ಎಂಟರಲ್ಲಿ ಐದನ್ನು ನೋಡಿದ್ದೇನೆ, ಒಂದು ನೀರ್ಚಾಲಿನಲ್ಲಿ ಅಕ್ಕಿ ಡಬ್ಬಿಯ ಮೇಲೆ ಮಲಗಿತ್ತು. ೨, ೩ ಮತ್ತು ೬ ಎಲ್ಲಿವೆಯೋ ಗೊತ್ತಿಲ್ಲ. ನಿಮ್ಮ ಓದುಗರ ಮನೆಯಲ್ಲಿ ಹಲಸಿನ ಮರದ ಇಂಥ ಮರಿ ಗಿಟಾರ್ ಇದ್ದರೆ ಒಮ್ಮೆ ಒಳಗೆ ಟಾರ್ಚ್ ಹಾಕಿ ನೋಡಲಿ. ವಾಪಸ್ ಕೇಳುವುದಿಲ್ಲ. ಹಲಗೆ ಎಷ್ಟು ತೆಳು ಮಾಡಿದ್ದರು ಅಂತ ಅಳೆದುಕೊಂಡು ಬರುತ್ತೇನೆ, ಅಷ್ಟೇ. ನನ್ನ ನಂಬರ್ ನಿಮ್ಮ ಕಚೇರಿಯಲ್ಲಿ ಕೊಟ್ಟಿದ್ದೇನೆ.

ನಿಮ್ಮ ಓದುಗ,
ಬದಿಯಡ್ಕ